ಬೇಗೂರಿನ ಏರು ಮತ್ತು ನಮ್ಮ ಆಟೋಮ್ಯಾಟಿಕ್ ಕಾರು

ನನಗೆ ಗೇರು ಹಾಕಲು ಬರುವುದಿಲ್ಲ. ಈ ಗುಟ್ಟು ಮುಚ್ಚಿಡಲೆಂದೇ ಆಟೋಮ್ಯಾಟಿಕ್ ಕಾರು ಕೊಂಡವನು ನಾನು. ಕೇಳಿದವರಿಗೆ ಮಾತ್ರ "ಈ ಟ್ರಾಫಿಕ್ಕಿಗೆ ಅದೇ ಸರಿ ಕಣ್ರೀ" ಎಂದು ಪಂಡಿತನಂತೆ ಹೇಳುತ್ತಿದ್ದೆ. ಸೆಕೆಂಡ್ ಹ್ಯಾಂಡ್ ಗಾಡಿ. ಎರಡು ವರ್ಷ ನನ್ನ ಮಾನ ಕಾಪಾಡಿತು. ಆಮೇಲೆ ಅದಕ್ಕೂ ನನ್ನ ಹಾಗೆಯೇ ಗೇರು ಹಾಕಲು ಬಾರದಂತಾಯಿತು. ಆಕ್ಸಿಲರೇಟರ್ ತುಳಿದರೆ ಎಂಜಿನ್ ಕೂಗಾಡುತ್ತದೆ, ಚಕ್ರಗಳಿಗೆ ಸುದ್ದಿಯೇ ಮುಟ್ಟುವುದಿಲ್ಲ. ನಮ್ಮ ಆಫೀಸಿನ ಮೀಟಿಂಗುಗಳೂ ಹೀಗೇ ನಡೆಯುವುದರಿಂದ ನಾನು ತಲೆ ಕೆಡಿಸಿಕೊಳ್ಳಲಿಲ್ಲ.

ಅಷ್ಟರಲ್ಲಿ ನನ್ನ ಹೆಂಡತಿ ಸುಮಾ, ಹನ್ನೊಂದು ವರ್ಷ ಮನೆಯಲ್ಲಿದ್ದವಳು, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಮತ್ತೆ ಕೆಲಸಕ್ಕೆ ಸೇರುವ ದಿನ ಬಂತು. ಒಂಬತ್ತೂವರೆಗೆ ಹಾಜರಿರಬೇಕು. ಹೆದರಿಕೆಗೆ ವಾರವಿಡೀ ಅವಳಿಗೆ ಊಟ ಸೇರಿರಲಿಲ್ಲ. "ಆಟೋದಲ್ಲಿ ಹೋಗ್ತೀನಿ" ಎಂದವಳನ್ನು "ನಾನಿರುವಾಗ ಆಟೋ ಯಾಕೆ?" ಎಂದು ಕೂರಿಸಿಕೊಂಡು ಹೊರಟೆ. ಬೇಗೂರು ದಾಟಿದ ಮೇಲಿನ ಸಣ್ಣ ಏರಿನಲ್ಲಿ ಕಾರು ನಿಂತೇಬಿಟ್ಟಿತು. ಸುಮಾ ಗಡಿಯಾರ ನೋಡಿದಳು. ಬೈದಿದ್ದರೆ ವಾಸಿಯಿತ್ತು.

ಪಕ್ಕದಲ್ಲಿ ಕಟ್ಟಡ ಕೆಲಸ ಮಾಡುತ್ತಿದ್ದ ಬಾಗಲಕೋಟೆ ಕಡೆಯ ಆರು ಜನ ಓಡಿಬಂದರು. ಅವಸರದ ಕಾರಣ ಹೇಳಿದೆ. ಅವರ ಮೇಸ್ತ್ರಿ ನಿಂಗಪ್ಪ "ನೀವು ಒಳಗ ಕುಂದರ್ರಿ ಸರ, ನಾವು ನೂಕತೀವಿ" ಎಂದ. ಐದು ನಿಮಿಷ ನೂಕಿದರು. ಕಾರು ಅಲುಗಾಡಿತೇ ಹೊರತು ಒಂದಿಂಚೂ ಸಾಗಲಿಲ್ಲ. "ಏನ್ ಸರ, ಕಾರಿನ್ಯಾಗ ಸಿಮೆಂಟ್ ತುಂಬೀರೇನ?" ಎಂದು ನಿಂಗಪ್ಪ ಬೆವರೊರೆಸಿಕೊಂಡ. ಆಗ ಸುಮಾ ಮೆಲ್ಲಗೆ, "ರೀ, ಗೇರು 'ಪಿ'ಯಲ್ಲಿದೆ" ಎಂದಳು. ಗಾಡಿ ನಿಂತ ಕೂಡಲೇ ಚಕ್ರ ಕಟ್ಟಿಹಾಕುವ ಆ 'ಪಿ'ಗೆ ತರುವುದು ನನ್ನ ಶಿಸ್ತು. ನಾಚಿಕೆಯಿಂದ ನ್ಯೂಟ್ರಲ್‌ಗೆ ತಂದೆ. ಅವರು ಮತ್ತೆ ನೂಕಿದಾಗ ಕಾರು ಸಲೀಸಾಗಿ ಏರು ಹತ್ತಿ ಬದಿಗೆ ನಿಂತಿತು.

ನಿಂಗಪ್ಪ ಬೈಯಲಿಲ್ಲ. "ಅಕ್ಕಾರದು ಮೊದಲನೇ ದಿನ ಐತಿ" ಎಂದು, ಟೈಲ್ಸ್ ಇಳಿಸಿ ಹೊರಟಿದ್ದ ಟೆಂಪೋ ತಡೆದು ಅವಳನ್ನು ಡ್ರೈವರ್ ಪಕ್ಕ ಕೂರಿಸಿದ. ಒಂಬತ್ತು ಇಪ್ಪತ್ತಕ್ಕೆ ಅವಳ ಫೋನು ಬಂತು: "ತಲುಪಿದೆ ಕಣ್ರೀ. ಸಾಮಾನು ಇಳಿಸೋ ಗೇಟು ಆ ಕಡೆ ಅಂದ್ರು ಸೆಕ್ಯುರಿಟಿಯವರು!" ಅವಳು ನಗುತ್ತಿದ್ದಳು. ವಾರದಿಂದ ಕೇಳಿರದ ನಗು ಅದು. ಅದನ್ನು ಕೊಟ್ಟವರಿಗೆ ನಾನು ಒಂದು ಟೀ ಕೂಡ ಕುಡಿಸಿರಲಿಲ್ಲ.

ಗೇರ್‌ಬಾಕ್ಸ್ ರಿಪೇರಿಯಾದ ಮೇಲೆ ಮೈಸೂರುಪಾಕಿನ ಡಬ್ಬಿ ಹಿಡಿದು, ಥ್ಯಾಂಕ್ಸ್ ಹೇಳಲೆಂದು ಅದೇ ಏರಿನಲ್ಲಿ ಕಾರು ನಿಲ್ಲಿಸಿದೆ. ಕಿಟಕಿ ಇಳಿಸುವಷ್ಟರಲ್ಲಿ ಆರೂ ಜನ ಕೆಲಸ ಬಿಟ್ಟು ಬಂದು ಕಾರಿನ ಹಿಂದೆ ಸಾಲಾಗಿ ನಿಂತಿದ್ದರು. "ಪಿ ತಗದೀರೇನ್ರಿ ಸರ?" ಎಂದು ನಿಂಗಪ್ಪ ಕೂಗಿದ. ಕಾರು ಸರಿಯಾಗಿದೆ ಎನ್ನಲು ನನಗೆ ಬಾಯಿ ಬರಲಿಲ್ಲ. ನ್ಯೂಟ್ರಲ್‌ಗೆ ಹಾಕಿ, ಎರಡೆರಡು ಸಲ ನೋಡಿಕೊಂಡು, "ತೆಗ್ದಿದೀನಪ್ಪಾ, ನೂಕಿ" ಎಂದೆ.