ಒಂದೂವರೆ ಸರಪಳಿಯ ವಿಮಾನ

ಬೀದರದ ಪಿಂಚಣಿದಾರರು ಸಂಜೆ ಕೂಡುವ ಕಟ್ಟೆಯ ಮೇಲೆ ನನ್ನ ವಿಮಾನದ ಬಗ್ಗೆ ಹಬ್ಬಿರುವ ಸುದ್ದಿಯಲ್ಲಿ ಎಷ್ಟು ತಪ್ಪುಗಳಿವೆಯೆಂದರೆ, ಅವನ್ನು ತಿದ್ದದೆ ಸುಮ್ಮನಿರುವುದು ನನ್ನಿಂದಾಗದು. ನಾನು ವಾಂತಿ ಮಾಡಿಕೊಂಡೆ ಎಂಬುದು ಸುಳ್ಳು. ನಾನು ಕುಳಿತುಕೊಂಡೆ, ಅಷ್ಟೇ. ಹೆಂಡತಿಯ ಕಾಲು ಹಿಡಿದೆ ಎಂಬುದು ಅರ್ಧ ಸುಳ್ಳು. ಹಿಡಿದದ್ದು ನಿಜ, ಆದರೆ ಕ್ಷಮೆ ಕೇಳುವುದಕ್ಕಲ್ಲ. ಆ ಕ್ಷಣದಲ್ಲಿ ಎಕಂಬಾ ಗ್ರಾಮದ ಸರಹದ್ದಿನಲ್ಲಿ ಅಲುಗಾಡದೆ ಇದ್ದ ವಸ್ತು ಅದೊಂದೇ ಆಗಿತ್ತು.

ನನ್ನ ಹೆಸರು ನಂದಕುಮಾರ. ಮೂವತ್ತೈದು ವರ್ಷ ಈ ಜಿಲ್ಲೆಯ ಹೊಲಗಳ ಮೇಲೆ ಮೂವತ್ತಮೂರು ಅಡಿಯ ಸರಪಳಿ ಎಳೆದು, ಭೂಮಾಪನ ಮೇಲ್ವಿಚಾರಕನಾಗಿ ನಿವೃತ್ತನಾದವನು. ಅಣ್ಣತಮ್ಮಂದಿರು ಕೊಡಲಿ ಹಿಡಿದು ನಿಂತ ಬದುವಿನ ಮೇಲೂ ಒಂದು ಆಣೆ ನೆಲ ಹೆಚ್ಚು ಬರೆದವನಲ್ಲ, ಕಡಿಮೆ ಬರೆದವನಲ್ಲ. (“ಇವರು ಅಳದಂಗ ನಮ್ಮ ಹಾಲಿನವ ಅಳದಿದ್ರ ಚೊಲೊ ಇತ್ತು” ಎಂದು ನನ್ನ ಹೆಂಡತಿ ಕಸ್ತೂರಿಬಾಯಿ ಹೇಳುವುದುಂಟು. ಅದು ಹೊಗಳಿಕೆಯೇ ಎಂಬುದನ್ನು ನಾನಿನ್ನೂ ನಿರ್ಧರಿಸಿಲ್ಲ.)

ಈ ವ್ಯವಹಾರದ ಮೂಲ 1975ರಲ್ಲಿದೆ. ಹೈದರಾಬಾದಿನಲ್ಲಿ ಓದುವಾಗ ನಾನು ಎನ್.ಸಿ.ಸಿ. ವಾಯು ವಿಭಾಗದಲ್ಲಿದ್ದೆ. ಅಲ್ಲಿ ತಂತಿ ವಿಮಾನ ಹಾರಿಸುತ್ತಿದ್ದರು. ಹಗುರ ಕಟ್ಟಿಗೆಯ, ಎರಡು ಮೊಳ ರೆಕ್ಕೆಯ ಪುಟ್ಟ ವಿಮಾನ. ಮೂತಿಯಲ್ಲಿ ಬೆಂಕಿಪೊಟ್ಟಣದಷ್ಟು ಎಂಜಿನ್. ರೆಕ್ಕೆಯಿಂದ ಹೊರಟ ಎರಡು ಉಕ್ಕಿನ ತಂತಿಗಳು, ಅವುಗಳ ಕೊನೆಗೆ ಒಂದು ಹಿಡಿಕೆ. ಹಿಡಿಕೆ ಹಿಡಿದವನು ನಡುವೆ ನಿಂತು ತಾನೂ ತಿರುಗುತ್ತಾನೆ, ವಿಮಾನ ಅವನ ಸುತ್ತ ತಿರುಗುತ್ತದೆ. ಹಿಡಿಕೆಯನ್ನು ಹಿಂದಕ್ಕೆ ಬಾಗಿಸಿದರೆ ಮೇಲೇರುತ್ತದೆ, ಮುಂದಕ್ಕೆ ಬಾಗಿಸಿದರೆ ಕೆಳಗಿಳಿಯುತ್ತದೆ. ಎಣ್ಣೆ ತೀರುವವರೆಗೆ ಎಂಜಿನ್ ನಿಲ್ಲುವುದಿಲ್ಲ. ಎಂಜಿನ್ ನಿಲ್ಲುವವರೆಗೆ ಹಿಡಿದವನು ಬಿಡುವಂತಿಲ್ಲ.

ಆ ಎರಡು ವರ್ಷದಲ್ಲಿ ಹಿಡಿಕೆ ಒಮ್ಮೆಯೂ ನನ್ನ ಕೈಗೆ ಬರಲಿಲ್ಲ. ವಿಮಾನ ಹೊರಡುವ ತನಕ ಅದರ ಬಾಲ ಹಿಡಿದು ಕುಕ್ಕರಗಾಲಿನಲ್ಲಿ ಕೂಡುವ ಕೆಲಸ ನನ್ನದಾಗಿತ್ತು. ಐವತ್ತು ವರ್ಷ ಆ ಅವಮಾನವನ್ನು ನಾನು ಮನಸ್ಸಿನಲ್ಲಿ ಜತನವಾಗಿ ಇಟ್ಟುಕೊಂಡಿದ್ದೆ.

ಹೋದ ವರ್ಷ ಭಾಲ್ಕಿಯಲ್ಲಿ ನನ್ನ ಸ್ಕೂಟರು ಕೈಕೊಟ್ಟಿತು. ಮೆಕ್ಯಾನಿಕ್ ಗುಲಾಮ ರಸೂಲನ ಅಂಗಡಿಯಲ್ಲಿ, ನಟ್ಟು ಬೋಲ್ಟುಗಳ ಡಬ್ಬಿಯಲ್ಲಿ, ನನ್ನ ಯೌವನ ಬಿದ್ದಿತ್ತು.

“ಇದೆಲ್ಲಿಂದ ಬಂತಪಾ?” ಎಂದೆ.

“ಹತ್ತು ವರ್ಷಾತ್ರಿ ಸಾಹೇಬ್ರ, ಗುಜರಿ ಸಾಮಾನಿನ್ಯಾಗ ಬಂದದ. ಯಾವ ಗಾಡಿಗೂ ಕೂಡವಲ್ದು. ಸೊಳ್ಳಿಗೆ ಹೊಗಿ ಬಿಡೂ ಮಶೀನಿಂದು ಇರಬೇಕಂತ ಇಟ್ಟೀನಿ.”

“ಎರಡೂವರೆ ಸಿ.ಸಿ. ಡೀಸೆಲ್ ವಿಮಾನದ ಎಂಜಿನ್ ಇದು!”

ಅವನು ನನ್ನನ್ನೂ ಎಂಜಿನನ್ನೂ ನೋಡಿದ. “ಒಯ್ರಿ ಸಾಹೇಬ್ರ. ನಿಮ್ಮ ಕಣ್ಣಾಗ ನೀರ ಬರ್ಲತ್ತಾವ.”

ಹೀಗೆ ನಮ್ಮ ಮನೆಯ ಮಹಡಿಯ ಮೇಲಿನ ಕೋಣೆಯಲ್ಲಿ ವಿಮಾನ ನಿರ್ಮಾಣ ಆರಂಭವಾಯಿತು. ಆ ಕೋಣೆಯ ಮೇಲೆ ಇನ್ನೊಂದು ಪಕ್ಷದ ಕಣ್ಣಿತ್ತೆಂಬುದನ್ನು ನಾನು ಮುಚ್ಚಿಡುವುದಿಲ್ಲ. ಕಸ್ತೂರಿಬಾಯಿಯೂ ಪಕ್ಕದ ಮನೆಯ ವಹೀದಾಬಾಯಿಯೂ ಕೂಡಿ ಶ್ಯಾವಿಗೆ ಮಾಡಿ ಮಾರುತ್ತಾರೆ. ರಮಜಾನಿಗೂ ಯುಗಾದಿಗೂ ಅವರ ಶ್ಯಾವಿಗೆಗೆ ಓಣಿಯೆಲ್ಲ ಸಾಲು ನಿಲ್ಲುತ್ತದೆ. ಕೈಯಿಂದ ತಿರುಗಿಸುವ ಅವರ ಯಂತ್ರ ನಮ್ಮ ಜೀನೆಯ ಮೆಟ್ಟಿಲುಗಳ ಕೆಳಗೆ ಇತ್ತು. ಅಲ್ಲಿ ತಿರುಗಿಸುವವರ ಮೊಳಕೈ ಪ್ರತಿ ಸುತ್ತಿಗೂ ಗೋಡೆಗೆ ಬಡಿಯುತ್ತಿತ್ತು. ಕೋಣೆ ತಮಗೆ ಬೇಕೆಂದು ಅವರು ಮೂರು ಸಲ ಕೇಳಿದ್ದರು. ನಾನು ಮೂರು ಸಲವೂ ಪರಿಶೀಲಿಸುವುದಾಗಿ ತಿಳಿಸಿದ್ದೆ.

ಜಗಳ ಹೊತ್ತಿದ್ದು ಎಂಜಿನ್ ಹೊತ್ತಿದ ದಿನ. ಸೀಮೆಎಣ್ಣೆ, ಈಥರ್, ಔಡಲೆಣ್ಣೆ (ಅಂದರೆ ಹರಳೆಣ್ಣೆ) ಮೂರನ್ನೂ ಸಮಪಾಲು ಬೆರೆಸಿ, ಮಾಳಿಗೆಯ ಮೇಲೆ ವಿಮಾನದ ಮೂತಿಯ ಪಂಖವನ್ನು ಬೆರಳಿನಿಂದ ಮೀಟುತ್ತ ಕುಳಿತಿದ್ದೆ. ಮೂವತ್ತೊಂದನೆಯ ಮೀಟಿಗೆ ಅದು ನನ್ನ ಬೆರಳಿಗೆ ಬಾರಿಸಿ, ಗರ್ಜಿಸಿ, ಜೀವತಳೆಯಿತು. ಈ ಎಂಜಿನ್ನುಗಳಿಗೆ ಒಂದು ಗುಣವಿದೆ: ಕುಡಿದ ಔಡಲೆಣ್ಣೆಯನ್ನು ಹಿಂದಿನಿಂದ ತುಂತುರಾಗಿ ಉಗುಳುತ್ತವೆ. ಹಿಂದೆ ಕೋಲುಗಳ ಮೇಲೆ ನಾಲ್ಕು ಕಿಲೋ ಶ್ಯಾವಿಗೆ ಒಣಗುತ್ತಿತ್ತು.

“ಏನ್ರೀ! ಇದೇನ್ ವಾಸನಿ? ಶ್ಯಾವಿಗಿಗೆ ಘಾಸಲೇಟ್ ಹೊಡದೀರಿ?” ಎನ್ನುತ್ತ ಕಸ್ತೂರಿಬಾಯಿ ವಹೀದಾಬಾಯಿಯೊಂದಿಗೆ ಮಾಳಿಗೆ ಹತ್ತಿ ಬಂದಳು.

“ಬರೀ ಘಾಸಲೇಟ್ ಅಲ್ಲ. ಮೂರರಾಗ ಒಂದು ಪಾಲು ಔಡಲೆಣ್ಣಿ ಅದ,” ಎಂದು ನಾನು ವಾಸ್ತವಾಂಶ ತಿಳಿಸಿದೆ.

ವಹೀದಾಬಾಯಿ ಒಂದು ಎಳೆ ಮೂಸಿ ನೋಡಿದರು. “ಯಾ ಅಲ್ಲಾ! ಇದರ ಖೀರು ಕುಡದ್ರ ಮನಿಗೆ ಬಂದವರು ಕೂಡಂಗಿಲ್ಲ ಅಕ್ಕಾ, ತಂಬಿಗಿ ಹುಡಕ್ತಾರ!”

ನಾಲ್ಕು ಕಿಲೋ ಶ್ಯಾವಿಗೆ ತಿಪ್ಪೆಗೆ ಹೋಯಿತು. ಕಸ್ತೂರಿಬಾಯಿ ಸೊಂಟಕ್ಕೆ ಕೈಯಿಟ್ಟು ನಿಂತಳು.

“ನಾಳಿಗೇ ಕೋಣಿ ಖಾಲಿ ಮಾಡ್ರಿ.”

“ವಿಮಾನ ಹಾರೂತನಕ ಬಿಡೂದಿಲ್ಲ.”

“ಅದು ಹಾರೂದಿಲ್ಲ, ನೀವು ಬಿಡೂದಿಲ್ಲ. ಎಂಟು ತಿಂಗಳಾತು, ಹಿಂದ ಬಾಗಿಸಿದ್ರ ಮ್ಯಾಲ, ಮುಂದ ಬಾಗಿಸಿದ್ರ ಕೆಳಗ ಅಂತ ಕಿವಿ ತಿಂದೀರಿ. ನೆಲಾ ಬಿಟ್ಟದೇನು ಅದು?”

“ಹತ್ತು ಸುತ್ತು ಹಾರಿಸಿ ತೋರಸ್ತೇನಿ!”

“ಆಮ್ಯಾಲ ದಬಕ್ಕನ ಬಿದ್ರ?”

“ಮುರೀದಂಗ ಇಳಸ್ತೇನಿ!”

“ಬರದು ಕೊಡ್ರಿ.”

ಬರೆದು ಕೊಡುವುದರಲ್ಲಿ ನನ್ನನ್ನು ಮೀರಿಸಿದವರು ಜಿಲ್ಲೆಯಲ್ಲಿಲ್ಲ. ಅಂದೇ ಕರಾರು ಸಿದ್ಧವಾಯಿತು: “ಸದರಿ ತಂತಿ ವಿಮಾನವನ್ನು ಹತ್ತು ಸುತ್ತಿಗೆ ಕಡಿಮೆಯಿಲ್ಲದಂತೆ ಹಾರಿಸಿ, ಮುರಿಯದಂತೆ ನೆಲಕ್ಕಿಳಿಸಿದವರಿಗೆ ಮಹಡಿಯ ಮೇಲಿನ ಕೋಣೆಯು ಕಾಯಂ ಸೇರತಕ್ಕದ್ದು.” ಯಾರ ಹೆಸರನ್ನೂ ಹಾಕಲಿಲ್ಲ. ಹಕ್ಕು ಸಾಬೀತಾಗುವ ಮೊದಲು ಹೆಸರು ಬರೆಯಬಾರದೆಂಬುದು ನನ್ನ ಸೇವಾವಧಿಯ ಶಿಸ್ತು. ಇಬ್ಬರೂ ರುಜು ಮಾಡಿದೆವು.

ಆಮೇಲೆ ನಾನು ತಾಲೀಮಿಗೆ ಇಳಿದೆ. ಮಾಳಿಗೆಯ ಮೇಲೆ ಕೈ ಮುಂದೆ ಚಾಚಿ, ನಿಂತಲ್ಲೇ ತಿರುಗುವುದು. ಹನ್ನೆರಡು ಸುತ್ತಿನವರೆಗೆ ತೊಂದರೆಯಿಲ್ಲ. ಹದಿಮೂರನೆಯದಕ್ಕೆ ನೀರಿನ ಟಾಕಿ ಜಾಗ ಬದಲಿಸುತ್ತಿತ್ತು.

“ಪಂಚಮಿ ಇನ್ನಾ ದೂರ ಅದಲ್ರಿ, ಈಗಿಂದೇ ಫುಗಡಿ ಆಡ್ಲತ್ತೀರೇನು?” ಎಂದಳು ಕಸ್ತೂರಿಬಾಯಿ.

ಹೆಂಗಸರು ಎದುರುಬದುರಾಗಿ ಕೈಕೈ ಹಿಡಿದು ಗಿರಗಿರನೆ ತಿರುಗುವ ಆ ಅರ್ಥಹೀನ ಆಟಕ್ಕೂ ವಾಯುವಿಜ್ಞಾನಕ್ಕೂ ಇರುವ ಅಂತರವನ್ನು ನಾನು ಅವಳಿಗೆ ಅರ್ಧ ಗಂಟೆ ವಿವರಿಸಿದೆ.

ಬೀದರದ ಆಕಾಶ ವಾಯುಪಡೆಯದು. ಅಲ್ಲಿ ಎರಡನೆಯ ಪಡೆ ಬೇಡವೆಂದು, ಔರಾದ ತಾಲೂಕಿನ ಎಕಂಬಾದಲ್ಲಿ, ಹೆಂಡತಿಯ ತಮ್ಮ ಹಾವಗೆಪ್ಪನ ಹೊಲವನ್ನು ಗೊತ್ತುಪಡಿಸಿದೆ. ಜೋಳ ಕೊಯ್ದು, ಕುರಿಮಂದೆ ನಿಲ್ಲಿಸಿ ತುಳಿಸಿ, ನೆಲ ಗಟ್ಟಿಯಾಗಿತ್ತು. ವಿಮಾನವನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕುಳಿತೆ. ಕಂಡಕ್ಟರು ಬಹಳ ಹೊತ್ತು ನೋಡಿ, “ಇದು ಇದ್ದೂ ಬಸ್ಸಿನ್ಯಾಗ ಯಾಕ ಹೊಂಟೀರಿ ಅಜ್ಜಾರ?” ಎಂದ. ಇಡೀ ಬಸ್ಸು ನಕ್ಕಿತು. ಹಿಂದಿನ ಸೀಟಿನಲ್ಲಿದ್ದ ಕಸ್ತೂರಿಬಾಯಿ ಮತ್ತು ವಹೀದಾಬಾಯಿ ಎಲ್ಲರಿಗಿಂತ ಹೆಚ್ಚು ಹೊತ್ತು ನಕ್ಕರು.

ಹೊಲದಲ್ಲಿ ಒಂದೂವರೆ ಸರಪಳಿ, ಅಂದರೆ ನಲವತ್ತೊಂಬತ್ತೂವರೆ ಅಡಿ ತಂತಿ ಬಿಚ್ಚಿದೆ. ಸಿರಿಂಜಿನಿಂದ ಒಂಬತ್ತು ಮಿಲಿಲೀಟರು ಎಣ್ಣೆಯನ್ನು ಟಾಕಿಗೆ ಹಾಕಿದೆ. ಅದು ಸರಿಯಾಗಿ ಹನ್ನೆರಡು ಸುತ್ತಿನ ಎಣ್ಣೆ. ನನ್ನ ತಲೆಯ ಸಾಮರ್ಥ್ಯವೂ ಅಷ್ಟೇ. ನಂತರ ನಾನು ನಡುವಿಗೆ ಹೋಗಿ ಹಿಡಿಕೆ, ತಂತಿ, ಗಾಳಿಯ ದಿಕ್ಕು ಎಲ್ಲ ಪರಿಶೀಲಿಸಿ ಮರಳಿದೆ. ಅಷ್ಟರಲ್ಲಿ ಹಾವಗೆಪ್ಪ ಎಣ್ಣೆಯ ಬಾಟಲಿಯ ಬಳಿ ಬಹಳ ಮುತುವರ್ಜಿಯಿಂದ ನಿಂತಿದ್ದ. ನಾನು ಅದಕ್ಕೆ ಮಹತ್ವ ಕೊಡಲಿಲ್ಲ.

“ನಿಮಗ ಬಿ.ಪಿ. ಅದ. ನಾ ನಿಮ್ಮ ಬಾಜೂಕೇ ಕೂಡ್ತೇನಿ,” ಎಂದು ಕಸ್ತೂರಿಬಾಯಿ ಗುಳಿಗೆ, ನೀರಿನ ಬಾಟಲಿ ಹಿಡಿದು ವೃತ್ತದ ನಡುವೆ ನನ್ನ ಕಾಲಬುಡದಲ್ಲಿ ಕುಳಿತಳು. ವಹೀದಾಬಾಯಿ ದೂರದ ಬೇವಿನ ಗಿಡದ ಕೆಳಗೆ ನಿಂತರು. ಎಂಜಿನ್ ಇಪ್ಪತ್ತೆರಡನೆಯ ಮೀಟಿಗೆ ಹೊತ್ತಿತು. ಹಾವಗೆಪ್ಪ ಬಾಲ ಹಿಡಿದ. ನಾನು ನಡುವಿಗೆ ಓಡಿ ಹಿಡಿಕೆ ಹಿಡಿದು ಕೈಯೆತ್ತಿದೆ.

ಬಿಟ್ಟ.

ಅದು ಹಾರಿತು! ಕುರಿಗಳು ದಿಕ್ಕಾಪಾಲಾದವು. ಐವತ್ತು ವರ್ಷ ಕಾದ ಮೇಲೆ ತಂತಿಯ ಆ ಎಳೆತ ನನ್ನ ಮುಷ್ಟಿಗೆ ಬಂದಿತ್ತು. ಪಳಗದ ಹೋರಿಯ ಹಗ್ಗದಂತೆ ಎಳೆಯುತ್ತಿತ್ತು. ಸುತ್ತುಗಳ ಲೆಕ್ಕ ತಪ್ಪಬಾರದೆಂದು ಹೊಲದಂಚಿನ ಬಾಂದುಕಲ್ಲನ್ನೇ ಗುರುತಾಗಿಟ್ಟುಕೊಂಡು, ಪ್ರತಿ ಸಲ ಅದು ಕಣ್ಣಿಗೆ ಬಿದ್ದಾಗ ಎಣಿಸಿದೆ. ಐದು. ಎಂಟು. ಹತ್ತು! ಕೋಣೆ ನನ್ನದಾಯಿತೆಂದು ಹನ್ನೊಂದನೆಯ ಸುತ್ತಿನಲ್ಲಿ ನಕ್ಕೆ. ಹನ್ನೆರಡಾಯಿತು. ಎಂಜಿನ್ ನಿಲ್ಲಬೇಕಿತ್ತು.

ಹದಿಮೂರು.

“ಹಾವಗೆಪ್ಪಾ! ಎಣ್ಣಿ ಮುಟ್ಟೀದೇನೋ?”

“ತುಂಬ ಹಾಕೀನ್ರಿ ಮಾಮಾರ! ಫಿಕರ್ ಮಾಡಬ್ಯಾಡ್ರಿ! ನೀವು ಬರೀ ತಳಕ್ಕ ಹಾಕಿದ್ರಿ. ನಮ್ಮ ಮನಿಯಿಂದ ಅರ್ಧಾ ತುಂಬಿದ್ದು ಯಾವುದೂ ಹೊರಗ ಹೋಗೂದಿಲ್ರಿ!”

ಎಕಂಬಾದವರ ಆತಿಥ್ಯವನ್ನು ನಾನು ನಲವತ್ತೆರಡು ವರ್ಷ ಹೊಟ್ಟೆಯಲ್ಲಿ ಅನುಭವಿಸಿದ್ದೆ. ಅದು ಎಂಜಿನ್ನಿಗೂ ಅನ್ವಯಿಸುತ್ತದೆಂದು ಊಹಿಸಿರಲಿಲ್ಲ. ಹದಿನಾಲ್ಕಕ್ಕೆ ಕಲ್ಲಿನ ಜಾಗದಲ್ಲಿ ಹೊಲದ ಬಾವಿ ಬಂತು. ಹದಿನೈದಕ್ಕೆ ಬಾವಿಯೂ ಬೇವಿನ ಗಿಡವೂ ಒಟ್ಟಿಗೇ ಬಂದವು, ಗಿಡ ತಲೆಕೆಳಗಾಗಿತ್ತು. ಕೈ ಬಿಟ್ಟರೆ ಎಂಟು ತಿಂಗಳ ವಿಮಾನ ಪುಡಿಯಾಗುತ್ತದೆ, ಬಿಡದಿದ್ದರೆ ನಾನು. ಹದಿನಾರಕ್ಕೆ, ವೈವಾಹಿಕ ಜೀವನದಲ್ಲಿ ಮೊದಲ ಬಾರಿಗೆ, ನಾನು ಯಾವ ವಿವರವನ್ನೂ ಸೇರಿಸದೆ ಒಂದೇ ಮಾತು ಹೇಳಿದೆ.

“ಬಿದ್ದೆ!”

“ತರ್ರಿ ಇತ್ತ,” ಎಂದು ಕಸ್ತೂರಿಬಾಯಿ ಎದ್ದು, ನನ್ನ ಕೈಯ ಮೇಲೆ ಕೈಯಿಟ್ಟು, ನನ್ನೊಂದಿಗೆ ಅರ್ಧ ಸುತ್ತು ತಿರುಗಿ ಹಿಡಿಕೆ ಕಸಿದುಕೊಂಡಳು. ನಾನು ಕುಳಿತೆ. ಆಗಲೇ ಆ ಕಾಲು ಹಿಡಿದದ್ದು.

“ಕಾಲ ಬಿಡ್ರಿ! ನಾ ತಿರಗಬೇಕು!”

ಬಿಟ್ಟೆ. ಅರವತ್ತಮೂರು ವರ್ಷದ ಆ ಹೆಣ್ಣುಮಗಳು ಎಡಗೈಯಿಂದ ಸೆರಗು ಸಿಗಿಸಿಕೊಂಡು, ಹಿಮ್ಮಡಿಯ ಮೇಲೆ ಬುಗುರಿಯಂತೆ ತಿರುಗಿದಳು. ವಿಮಾನ ಒಮ್ಮೆ ನೆಲ ಮುಟ್ಟುವಂತಾಗಿ, ನೇರವಾಗಿ, ಆಮೇಲೆ ಗೋಡೆಗೆ ಗೆರೆ ಎಳೆದಂತೆ ಒಂದೇ ಎತ್ತರದಲ್ಲಿ ಹೋಯಿತು. ನಾನು ಅಂಗಾತ ಮಲಗಿದ್ದೆ. ಅದು ಹತ್ತಾರು ಸಲ ನನ್ನ ಆಕಾಶವನ್ನು ದಾಟಿತು.

“ಹಾವಗ್ಯಾ!” ಎಂದು ತಿರುಗುತ್ತಲೇ ಕೂಗಿದಳು. “ಒಲಿ ಮ್ಯಾಲ ಬ್ಯಾಳಿ ಅದ, ಉಕ್ಕತದ, ನೋಡ ಹೋಗು!”

ಎಂಜಿನ್ ಕೊನೆಗೂ ಕೆಮ್ಮಿ ನಿಂತಿತು. ವಿಮಾನ ಕೊಕ್ಕರೆಯಂತೆ ಇಳಿದು, ಕುಣಿಯದೆ, ಬಾಂದುಕಲ್ಲಿನ ಪಕ್ಕ ನಿಂತಿತು. ಕಸ್ತೂರಿಬಾಯಿ ಹಿಡಿಕೆ ಕೆಳಗಿಟ್ಟು ನನಗೆ ಗುಳಿಗೆ ಕೊಟ್ಟಳು.

ಬೇಳೆ ಇಳಿಸಿ ಬಂದ ಹಾವಗೆಪ್ಪ ಕರಾರು ಕೇಳಿ ತೆಗೆದುಕೊಂಡು ಗಟ್ಟಿಯಾಗಿ ಓದಿದ. “ಹಾರಿಸಿ, ಮುರಿಯದಂತೆ ನೆಲಕ್ಕಿಳಿಸಿದವರಿಗೆ... ಮಾಮಾರ, ಇಳಿಸಿದಾಕಿ ಅಕ್ಕ. ಖರೆ, ಅಕ್ಕ ಹತ್ತು ಸುತ್ತು ಹಾಕಿದ್ಲೇನು? ನಾ ಒಲಿ ಕಡಿ ಹೋಗಿದ್ದೆ.”

“ನಾ ಕಣ್ಣ ಮುಚ್ಚಕೊಂಡು ದುವಾ ಮಾಡ್ಲತ್ತಿದ್ದೆ,” ಎಂದರು ವಹೀದಾಬಾಯಿ.

ಕಸ್ತೂರಿಬಾಯಿ ಕೈ ಒರೆಸಿಕೊಂಡಳು. “ನಾ ಎಲ್ಲಿ ಎಣಿಸ್ಲೆಪಾ? ಎಂಟೋ ಒಂಬತ್ತೋ ಆಗಿರಬೇಕು.”

ಮೂವರೂ ನನ್ನ ಕಡೆ ತಿರುಗಿದರು. ಮಾತಾಡದಿದ್ದರೆ ಕೋಣೆ ನನ್ನಲ್ಲೇ ಉಳಿಯುತ್ತಿತ್ತು. ‘ಒಂಬತ್ತು’ ಎಂದು ತಲೆಯಾಡಿಸಿದರೂ ಸಾಕಿತ್ತು. ಮಲಗಿದ್ದವನ ಎಣಿಕೆಯನ್ನು ಯಾರೂ ಪ್ರಶ್ನಿಸುತ್ತಿರಲಿಲ್ಲ. ಆದರೆ ಮೂವತ್ತೈದು ವರ್ಷ ಸರಪಳಿಯ ಅಳತೆ ಹೇಳಿದ ಬಾಯಿ ನನ್ನದು.

“ಮೂವತ್ತೇಳು,” ಎಂದೆ.

ವಹೀದಾಬಾಯಿ ಚಪ್ಪಾಳೆ ತಟ್ಟಿದರು. ಕಸ್ತೂರಿಬಾಯಿ ನನ್ನ ಬೆನ್ನಿಗೆ ಹತ್ತಿದ ಮಣ್ಣು ಝಾಡಿಸಿದಳು.

“ನಿಮಗ ಯಾಕ ತಲಿ ತಿರಗ್ತು ಗೊತ್ತದೇನ್ರಿ? ಫುಗಡಿ ಆಡೂವಾಗ ಎದುರಿನಾಕಿ ಮಾರಿ ಬಿಟ್ಟು ಬ್ಯಾರೆ ಏನೂ ನೋಡಬಾರದು. ನಾ ವಿಮಾನ ಒಂದೇ ನೋಡಿದೆ. ನೀವು ವಿಮಾನ ಬಿಟ್ಟು ಆ ಕಲ್ಲ ನೋಡಕೋತ ನಿಂತ್ರಿ.”

ಬಾಂದುಕಲ್ಲನ್ನು ನೋಡಬೇಡವೆಂದು ಭೂಮಾಪನ ಇಲಾಖೆಯವನಿಗೆ ಹೇಳುವುದು ಎಂಥ ಮಾತು! ಆದರೂ ಅದರಲ್ಲಿ ತಪ್ಪು ಹುಡುಕಲು ನಾನು ಆರು ತಿಂಗಳಿನಿಂದ ಪ್ರಯತ್ನಿಸುತ್ತಿದ್ದೇನೆ, ಇನ್ನೂ ಸಿಕ್ಕಿಲ್ಲ.

ಈಗ ಕೋಣೆಯಲ್ಲಿ ಶ್ಯಾವಿಗೆ ಯಂತ್ರವಿದೆ. ಮೊಳಕೈ ಗೋಡೆಗೆ ಬಡಿಯುವುದಿಲ್ಲ. ವಿಮಾನ ಅಲ್ಲೇ ಮೊಳೆಗೆ ತೂಗುಬಿದ್ದಿದೆ. ಪ್ರತಿ ರವಿವಾರ ಎಕಂಬಾಕ್ಕೆ ಹೋಗುತ್ತದೆ. ಈಗ ಚಿಂತಾಕಿಯಿಂದಲೂ ಹೆಂಗಸರು ನೋಡಲು ಬರುತ್ತಾರೆ. ಕೊನೆಯದಾಗಿ, ಕಟ್ಟೆಯ ಮೇಲಿನವರು ಹೇಳುವ ಇನ್ನೊಂದು ಮಾತನ್ನು ತಿದ್ದಿ ಮುಗಿಸುತ್ತೇನೆ. ‘ರವಿವಾರ ಕಸ್ತೂರಿಬಾಯಿ ಹೊಲದಲ್ಲಿ ವಿಮಾನ ಹಾರಿಸುವಾಗ ನಂದಕುಮಾರ ಮನೆಯಲ್ಲಿ ಶ್ಯಾವಿಗೆ ಯಂತ್ರ ತಿರುಗಿಸುತ್ತಾನೆ’ ಎನ್ನುತ್ತಾರೆ. ಇದು ಶುದ್ಧ ಸುಳ್ಳು. ರವಿವಾರ ನಾನು ಹೊಲದಲ್ಲಿ ಬಾಲ ಹಿಡಿದು ಕುಳಿತಿರುತ್ತೇನೆ. ಯಂತ್ರ ತಿರುಗಿಸುವುದು ಉಳಿದ ಆರು ದಿನ.