ಸೊಂಟ ನಲವತ್ತೆರಡು

ಮಾರೇನಹಳ್ಳಿಯ ದರ್ಜಿ ಏಕಾಂತಯ್ಯನಿಗೆ ಹೆಸರಿನಲ್ಲಿ ಬಿಟ್ಟರೆ ಬೇರೆಲ್ಲೂ ಏಕಾಂತ ಇರಲಿಲ್ಲ. ಅಂಗಡಿ ಎಂಟಡಿ ಅಗಲ. ಒಳಗೆ ಬಟ್ಟೆಗೇ ಜಾಗ ಸಾಲದೆ ಹೊಲಿಗೆ ಯಂತ್ರವನ್ನು ಫುಟ್‌ಪಾತಿಗೆ ತಂದು, ಮೇಲೊಂದು ತಗಡಿನ ಶೀಟು ಇಳಿಬಿಟ್ಟಿದ್ದ. ಅಳತೆ ತೆಗೆಯುವಾಗ ಒಂದೊಂದು ಅಂಕಿಯನ್ನೂ ಕೂಗಿ ಹೇಳಿಕೊಂಡೇ ಬರೆಯುತ್ತಿದ್ದ. ಅವನು ಓದಿದ ಹಳ್ಳಿಶಾಲೆಯಲ್ಲಿ ಬಾಯಲ್ಲಿ ಹೇಳದೆ ಬರೆದರೆ ಗೆಣ್ಣಿನ ಮೇಲೆ ರೂಲುದೊಣ್ಣೆ ಬೀಳುತ್ತಿತ್ತು. ಮೇಷ್ಟ್ರು ಸತ್ತು ಎಷ್ಟೋ ವರ್ಷವಾಗಿದ್ದರೂ ಬಾಯಿ ಮುಚ್ಚಿದರೆ ಇವನ ಕೈ ಓಡುತ್ತಿರಲಿಲ್ಲ. ಹಾಗಾಗಿ ಯಾರ ಎದೆ ಎಷ್ಟು, ಯಾರ ಹೊಟ್ಟೆ ಎಷ್ಟು ಎಂಬುದು ರೇಷನ್ ಅಂಗಡಿಯ ಬೋರ್ಡಿನಂತೆ ಇಡೀ ಬೀದಿಗೆ ಗೊತ್ತಿತ್ತು.

ಗೊತ್ತಿಲ್ಲದ್ದು ಒಂದೇ. ಕಟ್ಟಡದ ಮಾಲೀಕ ವೆಂಕಟರಮಣಪ್ಪನ ಸೊಂಟ. ಮಹಡಿಯ ಮೇಲೆ ವಾಸವಾಗಿದ್ದ ಆತ ಮೊದಲೇ ತಾಕೀತು ಮಾಡಿದ್ದ. "ಮೂವತ್ತೆಂಟು ಅಂತ ಕೂಗಿ. ನಲವತ್ತೆರಡು ಅಂತ ಹೊಲೀರಿ. ಪುಸ್ತಕದಲ್ಲಿ ಬರೀಲೇಬೇಡಿ."

ಈ ವೆಂಕಟರಮಣಪ್ಪ ಹೊಸ ಕಾರು ತಂದು, ಅದನ್ನು ಗೇಟಿನೊಳಗೆ ಹತ್ತಿಸಲು ಫುಟ್‌ಪಾತಿನ ಮೇಲೆ ಮೊಣಕಾಲೆತ್ತರದ ಸಿಮೆಂಟಿನ ದಿಬ್ಬ ಕಟ್ಟಿಸಿದ. ಮಳೆ ಬಂದರೆ ನೀರೆಲ್ಲ ಏಕಾಂತಯ್ಯನ ಅಂಗಡಿಗೆ. ರವಿಕೆ ಹೊಲಿಸಲು ಬಂದ ಹೆಂಗಸರು ಎಡವಿ ಬಿದ್ದು, ಏಳುವಾಗ ದರ್ಜಿಗೇ ಬೈಯುತ್ತಿದ್ದರು. ಎದುರಿಗೆ ಹೇಳುವಂತಿರಲಿಲ್ಲ. ವೆಂಕಟರಮಣಪ್ಪನ ಬಾಯಲ್ಲಿ ಎಲ್ಲದಕ್ಕೂ ಒಂದೇ ಉತ್ತರ: "ಇಷ್ಟ ಇಲ್ದಿದ್ರೆ ಖಾಲಿ ಮಾಡಿ." ಇಪ್ಪತ್ತೆರಡು ವರ್ಷದಿಂದ ಕೂತ ಮೂಲೆ. ಬಿಟ್ಟರೆ ಗಿರಾಕಿಗಳೂ ಹೋದಂತೆಯೇ.

ಆಗ ಏಕಾಂತಯ್ಯನಿಗೆ ಮೊಬೈಲಿನಲ್ಲಿ ಕಾರ್ಪೊರೇಷನ್‌ಗೆ ದೂರು ಕೊಡುವ ದಾರಿ ಕಂಡಿತು. ಇಂಟರ್ನೆಟ್ಟಿನಲ್ಲಿ ಹುಷಾರಾಗಿರುವುದು ಹೇಗೆಂದು ಬ್ಯಾಂಕಿನವರು ಭಾಷಣ ಮಾಡಿದ್ದನ್ನು ಅವನು ಬಾಯಿಪಾಠ ಮಾಡಿದ್ದ. ಹೆಸರಿನ ಜಾಗದಲ್ಲಿ 'ನೊಂದ ನಾಗರಿಕ' ಎಂದು ಹಾಕಿದ. 'ಹೆಸರು ಗೋಪ್ಯವಾಗಿಡಿ' ಎಂಬುದನ್ನು ಒತ್ತಿದ. ಹುಟ್ಟಿದ ದಿನ ತಪ್ಪು ಕೊಟ್ಟ. ಫೋನಿನ ಕ್ಯಾಮೆರಾದ ಮೇಲೆ ಕಾಲರಿಗೆ ಹಾಕುವ ಕ್ಯಾನ್ವಾಸ್ ತುಂಡು ಅಂಟಿಸಿದ. ಪಾಸ್‌ವರ್ಡ್ ಯಾರೂ ಊಹಿಸಬಾರದಂಥದ್ದಾಗಿರಬೇಕು ಎಂದಿದ್ದರಲ್ಲ, ಈ ಬೀದಿಯಲ್ಲಿ ಯಾರಿಗೂ ಗೊತ್ತಿಲ್ಲದ ಆ ಒಂದೇ ಗುಟ್ಟನ್ನು ಪಾಸ್‌ವರ್ಡ್ ಮಾಡಿ, ದೂರು ಕಳಿಸಿದ.

ಸೋಮವಾರ ಬೆಳಗ್ಗೆ ಹತ್ತಕ್ಕೆ ಕಾರ್ಪೊರೇಷನ್ ಎಂಜಿನಿಯರ್ ಗಿರಿರಾಜ್ ನಾಲ್ಕು ಆಳು, ಒಂದು ಟ್ರ್ಯಾಕ್ಟರ್, ಒಂದು ಒಡೆಯುವ ಮೆಷಿನ್ನು ತಂದು ದಿಬ್ಬವನ್ನು ಚಕ್ಕುಲಿಯಂತೆ ಪುಡಿಮಾಡಿಸಿದ. ವೆಂಕಟರಮಣಪ್ಪ ಬನಿಯನ್ನಿನಲ್ಲೇ ಇಳಿದು ಬಂದ.

"ಯಾವನ್ರೀ ಕಂಪ್ಲೇಂಟ್ ಕೊಟ್ಟೋನು?"

"ಆಪ್‌ನಲ್ಲಿ ಬಂದಿದೆ ಸಾರ್. ಹೆಸರು ಗೋಪ್ಯ," ಎಂದ ಗಿರಿರಾಜ್.

"ಗೋಪ್ಯ ಅಂದ್ರೆ?"

"ಅಂದ್ರೆ ನಂಗೂ ಕಾಣಲ್ಲ. ಆಪ್ ಕೊಡೋ ದೂರುದಾರರ ನಂಬರ್ ಒಂದಿರುತ್ತೆ, ಅಷ್ಟೇ. ಫೋನ್ ನಂಬರ್ ಅಲ್ಲ."

ವೆಂಕಟರಮಣಪ್ಪ ಸುತ್ತ ನೋಡಿದ. ಆರ್ಡರಿಗೆ ಕಾಯುತ್ತ ಬೈಕಿನ ಮೇಲೆ ಕೂತಿದ್ದ ಊಟ ತಲುಪಿಸುವ ಹುಡುಗ ವೀರೇಶ ಕಣ್ಣಿಗೆ ಬಿದ್ದ. ಕೊಪ್ಪಳದ ಕಡೆಯವನು.

"ನಿಂದೇ ಕೆಲಸ ಕಣೋ. ಇಪ್ಪತ್ನಾಲ್ಕು ಗಂಟೆ ಮೊಬೈಲ್ ಒತ್ತೋನು ನೀನೇ."

"ನಾ ಯಾಕ ಕೊಡ್ಲಿರಿ ಮಾಲಕ್ರ? ಆ ದಿಬ್ಬದ ಮ್ಯಾಲ ಕುಂತ ದಿನಾ ಬುತ್ತಿ ಉಣ್ತಿದ್ದೆ. ಈಗ ನಾ ಎಲ್ಲಿ ಕುಂದ್ರಲಿ?"

"ಯಾವನೇ ಆಗ್ಲಿ, ಸಿಕ್ರೆ ಇವತ್ತೇ ಈ ಬೀದಿ ಬಿಡಿಸ್ತೀನಿ," ಎಂದು ವೆಂಕಟರಮಣಪ್ಪ ಏಕಾಂತಯ್ಯನ ಕಡೆ ತಿರುಗಿದ. "ನೀವು ಬಾಗಿಲಲ್ಲೇ ಕೂತಿರ್ತೀರಿ. ಕಂಡುಹಿಡೀರಿ."

"ಖಂಡಿತ ಯಜಮಾನ್ರೇ," ಎಂದ ಏಕಾಂತಯ್ಯ. ದಾರವಿಲ್ಲದ ಸೂಜಿಯಲ್ಲೇ ಹೊಲಿಯತೊಡಗಿದ.

ಅದೇ ಹೊತ್ತಿಗೆ ಯಂತ್ರದ ಹಲಗೆಯ ಮೇಲಿದ್ದ ಅವನ ಫೋನು ಟಿಣ್ ಎಂದಿತು. 'ನಿಮ್ಮ ದೂರು ಪರಿಹಾರವಾಗಿದೆ. ನಿಮಗೆ ತೃಪ್ತಿಯಾಯಿತೇ?' ಏಕಾಂತಯ್ಯ ಅದರ ಮೇಲೆ ಯಾರದ್ದೋ ರವಿಕೆ ಎಸೆದ. ಅಷ್ಟಕ್ಕೇ ತೃಪ್ತನಾಗದೆ ರವಿಕೆಯ ಮೇಲೆ ತಾನೇ ಬಗ್ಗಿ ಮಲಗಿದ.

"ಏನಾಯ್ತ್ರೀ?"

"ಬೆನ್ನು ಹಿಡ್ಕೊಂಡ್ತು ಯಜಮಾನ್ರೇ."

ಮಾಲೀಕ ಮೇಲೆ ಹೋದ ಮೇಲೆ ಏಕಾಂತಯ್ಯ ಎದ್ದ. ಖಾತೆಯನ್ನೇ ಅಳಿಸಿಬಿಡಬೇಕು, ಇಲ್ಲದಿದ್ದರೆ ಅಂಗಡಿ ಹೋಯಿತು. ಆಪ್ ತೆರೆದರೆ ಮೊಬೈಲ್ ನಂಬರು ಕೇಳಿತು, ಹಾಕಿದ. ಪಾಸ್‌ವರ್ಡ್ ಕೇಳಿತು.

"ದೊಡ್ಡ ಎಸ್. ಸಣ್ಣ ಓ. ಎನ್. ಟಿ. ಎ," ಎಂದು ಹೇಳಿಕೊಳ್ಳುತ್ತ ಒತ್ತಿದ. ತಪ್ಪು ಎಂದಿತು.

ಪಕ್ಕದಲ್ಲಿ ಹೂವು ಮಾರುವ ವಿಮಲಮ್ಮ ಕಟ್ಟುತ್ತಿದ್ದ ಮಾಲೆ ನಿಲ್ಲಿಸಿದಳು. "ಏನ್ ಏಕಾಂತಣ್ಣ, ಜಪ ಶುರು ಮಾಡ್ಕೊಂಡ್ರಾ?"

"ಸುಮ್ನಿರಮ್ಮ. ದೊಡ್ಡ ಎಸ್. ಓ. ಎನ್. ಟಿ. ಎ. ಆಮೇಲೆ ದೊಡ್ಡ ವಿ."

ಮತ್ತೆ ತಪ್ಪು. ವೀರೇಶ ಬೈಕಿನಿಂದ ಇಳಿದು ಬಂದ. "ಕಾಕಾ, ಪಾಸ್‌ವರ್ಡ್ ಮನಸಿನ್ಯಾಗ ಹೇಳ್ಕೋಬೇಕ್ರಿ. ಹಿಂಗ ಒದರಬಾರ್ದು."

"ಮನಸ್ಸಲ್ಲಿ ಹೇಳ್ಕೊಂಡ್ರೆ ಬೆರಳು ಬರಲ್ಲಪ್ಪ." ಮೂರನೆಯದೇ ಕೊನೆಯ ಅವಕಾಶ ಎಂದು ಫೋನು ಎಚ್ಚರಿಸಿತು. ಏಕಾಂತಯ್ಯ ಕಣ್ಣು ಮುಚ್ಚಿ, ಮೇಷ್ಟ್ರನ್ನು ನೆನೆದು, ಮಗ್ಗಿ ಒಪ್ಪಿಸುವ ದನಿಯಲ್ಲಿ ಶುರು ಮಾಡಿದ. "ಎಸ್ ದೊಡ್ಡದು, ಓ, ಎನ್, ಟಿ, ಎ, ಸೊಂಟ. ವಿ ದೊಡ್ಡದು, ಆರ್ ದೊಡ್ಡದು. ನಾಲ್ಕು. ಎರಡು. ನಲವತ್ತೆರಡು."

ತೆರೆದುಕೊಂಡಿತು.

"ವಿ ಆರ್ ಅಂದ್ರೆ ವೆಂಕಟರಮಣಪ್ಪ ಅಲ್ವಾ?" ಎಂದಳು ವಿಮಲಮ್ಮ. "ಮೂವತ್ತೆಂಟು ಅಂತ ಕೂಗ್ತಿದ್ರಿ?"

ಮಹಡಿಯಿಂದ ಬಟ್ಟೆ ಒಣಹಾಕುವ ಕ್ಲಿಪ್ಪೊಂದು ಶೀಟಿನ ಮೇಲೆ ಟಪ್ಪೆಂದು ಬಿತ್ತು. ಬೆಕ್ಕಿರಬೇಕು ಎಂದುಕೊಂಡ ಏಕಾಂತಯ್ಯ. 'ಖಾತೆ ಅಳಿಸಿ' ಎಂಬಲ್ಲಿ ಒತ್ತಿದ. ಅಳಿಸಲು ಇಪ್ಪತ್ತನಾಲ್ಕು ಗಂಟೆ ಬೇಕೆಂದು ಉತ್ತರ ಬಂತು. ಇರಲಿ, ನಾಳೆ ಇಷ್ಟು ಹೊತ್ತಿಗೆ ನೊಂದ ನಾಗರಿಕ ಸತ್ತಿರುತ್ತಾನೆ. ನೆಮ್ಮದಿಯಿಂದ ಬುತ್ತಿ ಬಿಚ್ಚಿದ.

ಎರಡು ತುತ್ತು ಇಳಿದಿರಬೇಕು. ದಿಬ್ಬದ ಪುಡಿಯನ್ನೆಲ್ಲ ಟ್ರ್ಯಾಕ್ಟರಿಗೆ ತುಂಬಿಸಿ, ಎದುರಿನ ದರ್ಶಿನಿಯಲ್ಲಿ ಕಾಫಿ ಕುಡಿಯುತ್ತಿದ್ದ ಗಿರಿರಾಜ್ ಫೋನು ನೋಡುತ್ತ ರಸ್ತೆ ದಾಟಿ ಬಂದ.

"ಟೈಲರ್ ಸಾರ್, ಈ ಶೀಟು, ಈ ಮೆಷಿನ್ನು ಫುಟ್‌ಪಾತ್ ಮೇಲಿದೆಯಂತೆ. ಕಂಪ್ಲೇಂಟ್ ಬಂದಿದೆ."

ಏಕಾಂತಯ್ಯ ಬುತ್ತಿ ಮುಚ್ಚಿದ. "ಇಪ್ಪತ್ತೆರಡು ವರ್ಷದಿಂದ ಇದೆ ಸ್ವಾಮಿ."

"ಇವತ್ತು ಬಂದಿದೆ. ಹೆಂಗೂ ಆಳುಗಳಿದಾರೆ, ಮುಗಿಸ್ಕೊಂಡೇ ಹೋಗ್ತೀವಿ."

ಶೀಟು ಹಪ್ಪಳದಂತೆ ಸುರುಟಿಕೊಂಡು ಟ್ರ್ಯಾಕ್ಟರಿಗೆ ಏರಿತು. ಹೊಲಿಗೆ ಯಂತ್ರ ಅಂಗಡಿಯೊಳಗೆ ಹೋಗಿ, ಏಕಾಂತಯ್ಯ ಹೊರಗೆ ಬಿಸಿಲಿನಲ್ಲಿ ನಿಂತ. ಇಬ್ಬರೂ ಒಟ್ಟಿಗೆ ಹಿಡಿಸುವಷ್ಟು ಜಾಗ ಒಳಗಿರಲಿಲ್ಲ. ಅವನ ನೆತ್ತಿ ಇಸ್ತ್ರಿಪೆಟ್ಟಿಗೆಯಂತೆ ಕಾದಿತ್ತು.

"ಯಾವನ್ರೀ ಕೊಟ್ಟೋನು? ಹೆಸರು ಹೇಳಿ ನೀವು. ಅವನ ಕೈ ಮುರೀತೀನಿ."

"ಹೆಸರು ಗೋಪ್ಯ ಸಾರ್. ದೂರುದಾರರ ರಕ್ಷಣೆ. ಒಂದು ಮಾತ್ರ ಹೇಳಬಲ್ಲೆ," ಗಿರಿರಾಜ್ ಬೀದಿಗೆಲ್ಲ ಕೇಳುವಂತೆ ಹೇಳಿದ, "ದೂರುದಾರರ ನಂಬರು ಅದೇ ಇದೆ. ಬೆಳಗ್ಗೆ ಒಡೆದ ದಿಬ್ಬದ ಮೇಲೆ ಕಂಪ್ಲೇಂಟ್ ಕೊಟ್ಟೋನೇ ಇದನ್ನೂ ಕೊಟ್ಟಿರೋದು."

ಏಕಾಂತಯ್ಯ ಬಾಯಿ ತೆರೆದ. ಅಲ್ಲ, ಅವನು ಕೊಟ್ಟಿಲ್ಲ ಎನ್ನಬೇಕು. ನಿಮಗೆ ಹೇಗೆ ಗೊತ್ತು ಎಂದು ಕೇಳಿದರೆ? ಬಾಯಿ ಮುಚ್ಚಿದ.

"ಆ ಮುಂಡೇಗಂಡನ ಕೈಗೆ ಹುಳ ಬೀಳ," ಎಂದು ವಿಮಲಮ್ಮ ಶಾಪ ಹಾಕಿದಳು. "ಒಂದೇ ದಿನ ಎರಡು ಮನೆ ಹಾಳು ಮಾಡಿದ. ಅವನ ಬೆರಳು ಸೇದಿಹೋಗ."

ಏಕಾಂತಯ್ಯ ತನಗೇ ತಿಳಿಯದಂತೆ ಬೆರಳುಗಳನ್ನು ಜೇಬಿಗೆ ಹಾಕಿಕೊಂಡ.

ವೆಂಕಟರಮಣಪ್ಪ ನಿಧಾನವಾಗಿ ಮೆಟ್ಟಿಲಿಳಿದು ಬಂದ. ಈಗ ಅಂಗಿ ತೊಟ್ಟಿದ್ದ. ಕೈಯಲ್ಲೊಂದು ಪ್ಯಾಂಟು. "ನಮ್ಮಿಬ್ಬರಿಗೂ ಒಬ್ಬನೇ ಶತ್ರು ನೋಡಿ ಏಕಾಂತಯ್ಯ," ಎಂದು ಎಲ್ಲರೆದುರು ಹೆಗಲ ಮೇಲೆ ಕೈ ಹಾಕಿ, ಅವನನ್ನು ಅಂಗಡಿಯ ಬಾಗಿಲಿಗೆ ಒತ್ತಿಕೊಂಡು ಕಿವಿಗೆ ಬಾಯಿಟ್ಟ.

"ದಿಬ್ಬ ಹೋದ್ರೆ ಹೋಗ್ಲಿ, ಇನ್ನೊಂದು ಕಟ್ಟಿಸ್ತೀನಿ. ನನ್ನ ಸೊಂಟ ಯಾಕ್ರೀ ಬೀದಿಗೆ ತಂದ್ರಿ?"

ಏಕಾಂತಯ್ಯನ ಕೊರಳ ಅಳತೆಪಟ್ಟಿ ಜಾರಿ ಕೆಳಗೆ ಬಿತ್ತು.

"ನಿಮ್ಮ ಮೊಬೈಲ್ ನಂಬರು ಬಾಡಿಗೆ ಪತ್ರದಲ್ಲೇ ಇದೆ. ಪಾಸ್‌ವರ್ಡ್ ನೀವೇ ಕೂಗಿ ಹೇಳಿದ್ರಿ, ಮೂರು ಸಲ. ನಾನು ಒಗೆದ ಬಟ್ಟೆ ತೆಗೀತಿದ್ದೆ. ಎರಡನ್ನೂ ಆ ಆಪ್‌ಗೆ ಹಾಕಿದೆ, ತೆರ್ಕೊಳ್ತು."

"ಯಜಮಾನ್ರೇ, ಅಂಗಡಿ..."

"ಅಂಗಡಿ ಇರ್ಲಿ. ಆದ್ರೆ ಆ ಖಾತೆ ಅಳಿಸೋದನ್ನ ನಿಲ್ಲಿಸಿದೀನಿ, ಮತ್ತೆ ಒತ್ತಬೇಡಿ. ಈ ಬೀದೀಲಿ ಇನ್ನೂ ಏಳೆಂಟು ಜನರ ಮೇಲೆ ಬರೆಯೋದಿದೆ ನಂಗೆ. ನಂಬರು ನಿಮ್ಮದು, ಹೆಸರು ಗೋಪ್ಯ. ಇದಕ್ಕಿಂತ ಸೇಫ್ ಏನಿದೆ?" ಪ್ಯಾಂಟನ್ನು ಅವನ ಕೈಗಿತ್ತು, ಗಟ್ಟಿಯಾಗಿ ಹೇಳಿದ: "ಸೊಂಟ ಮೂವತ್ತೆಂಟು. ಬರ್ಕೊಳ್ಳಿ."

ಫೋನು ಟಿಣ್ ಎಂದಿತು. 'ನಿಮ್ಮ ಎರಡನೇ ದೂರು ಪರಿಹಾರವಾಗಿದೆ. ಫುಟ್‌ಪಾತ್ ತೆರವಾಗಿದೆ. ನಿಮಗೆ ಎಷ್ಟು ತೃಪ್ತಿಯಾಯಿತು? ನಕ್ಷತ್ರ ನೀಡಿ.'

ವೆಂಕಟರಮಣಪ್ಪ ಬಗ್ಗಿ ನೋಡಿದ. "ಐದೂ ಒತ್ತಿ."

ಏಕಾಂತಯ್ಯ ಒತ್ತಿದ. "ಒಂದು. ಎರಡು. ಮೂರು. ನಾಲ್ಕು."

"ಏನ್ ಏಕಾಂತಣ್ಣ ಎಣಿಸ್ತಾ ಇದೀರಿ?" ಎಂದು ವಿಮಲಮ್ಮ ಕೂಗಿದಳು.

"ಗುಂಡಿ ಕಣಮ್ಮ," ಎಂದ ಏಕಾಂತಯ್ಯ. "ಐದು."