ಕೆಂಪು ಸೀಟಿಗೆ ನೀಲಿ ಬಣ್ಣ

ಪೆಟ್ರೋಲಿಗಾಗಿ ಅಮೆರಿಕವೇ ಸಾಲುಗಟ್ಟಿ ನಿಂತಿದ್ದ ಎಪ್ಪತ್ತನಾಲ್ಕನೇ ಇಸವಿಯಲ್ಲಿ ಈಸ್ಟ್ ಬ್ರನ್ಸ್‌ವಿಕ್ಕಿನ ಕೌಸಲ್ಯಾಗೆ ಪೆಟ್ರೋಲಿನ ಚಿಂತೆ ಇರಲಿಲ್ಲ; ಸೀಟಿನ ಚಿಂತೆ. ಗಂಡ ದ್ವಾರಕಾನಾಥ ಕೊಂಡಿದ್ದ ಸೆಕೆಂಡ್‌ಹ್ಯಾಂಡ್ ಕಾರಿನ ಸೀಟಿಗೆಲ್ಲ ಕೆಂಪು ವಿನೈಲ್ ಹೊದಿಕೆ. ವುಡ್‌ಬ್ರಿಡ್ಜಿನ ನಿರುಪಮಾ ಅದರಲ್ಲಿ ಒಮ್ಮೆ ಕೂತು, "ಕುಂಕುಮದ ಭರಣಿಯೊಳಗೆ ಕೂತ ಹಾಗಿದೆ ಕಣ್ರೀ" ಎಂದುಬಿಟ್ಟಿದ್ದಳು. (ಅವಳ ಕಾರಿನೊಳಗೆ ನೀಲಿ. ಬೇರೆ ಹೇಳಬೇಕೇ?) ಅಂದಿನಿಂದ ಕೌಸಲ್ಯಾಗೆ ಅನ್ನ ರುಚಿಸಲಿಲ್ಲ. ಪೆಟ್ರೋಲ್ ಉಳಿಸಲು ಯುಗಾದಿ ಕಾರ್ಯಕ್ರಮಕ್ಕೆ ಒಂದೇ ಕಾರಿನಲ್ಲಿ ಆ ನಿರುಪಮಾಳನ್ನೇ ಕರೆದುಕೊಂಡು ಹೋಗಬೇಕು. ಅಷ್ಟರೊಳಗೆ ಸೀಟು ನೀಲಿಯಾಗಬೇಕು, ಅವಳ ಬಾಯಿ ಮುಚ್ಚಬೇಕು.

ದ್ವಾರಕಾನಾಥ ಕೆಮಿಕಲ್ ಇಂಜಿನಿಯರ್. ಮನೆಯಲ್ಲಿ ಆ ಪದವಿಗೆ ಕಿಮ್ಮತ್ತಿರಲಿಲ್ಲ. ಪಾಪ, ವಿನೈಲಿಗೆಂದೇ ಮಾರುವ ಬಣ್ಣದ ಸ್ಪ್ರೇ ಡಬ್ಬಿಗಳನ್ನು ತಂದು, ಶನಿವಾರವೆಲ್ಲ ಗರಾಜಿನಲ್ಲಿ ಸೀಟು ಉಜ್ಜಿದ.

"ತೊಳೀತಾನೇ ಇರ್ತೀರೋ, ಬಣ್ಣಾನೂ ಹೊಡೀತೀರೋ?"

"ಒಂದು ಚೂರು ಜಿಡ್ಡಿದ್ರೂ ಬಣ್ಣ ಹಿಡಿಯಲ್ಲ ಕಣೇ. ಅದು ಹೇಗೆ ಅಂದ್ರೆ..."

ಕೌಸಲ್ಯಾ ಅಷ್ಟರಲ್ಲಿ ಒಳಗೆ ಹೋಗಿಯಾಗಿತ್ತು. ಗಂಡ ಬಾಯಿ ತೆರೆದೊಡನೆ ಎದ್ದುಹೋಗುವುದು ಆ ಮನೆಯ ಪದ್ಧತಿ.

ಸಂಜೆ ಕೌಸಲ್ಯಾ ಬಂದು ನೋಡಿದರೆ ಸೀಟು ಬಿಳಿಚಿಕೊಂಡಿತ್ತು. ಹಬ್ಬ ಬಂತೆಂದರೆ ಸಿಕ್ಕವರ ನೆತ್ತಿಗೆಲ್ಲ ಎಣ್ಣೆ ಒತ್ತುವ ಕೈ ಅದು, ಸುಮ್ಮನಿರುತ್ತದೆಯೇ? ಕೊಬ್ಬರಿ ಎಣ್ಣೆ ತಂದು ಹಿಂದಿನ ಸೀಟಿಗೆ (ನಿರುಪಮಾ ಕೂರುವುದು ಅಲ್ಲೇ ತಾನೇ) ಚೆನ್ನಾಗಿ ತಿಕ್ಕಿ ಹೊಳಪು ಬರಿಸಿದಳು. ಮರುದಿನ ನಮ್ಮ ಇಂಜಿನಿಯರ್ ಮಹಾಶಯರು ಆ ಹೊಳಪು ಕಂಡು, ತಾವು ತೊಳೆದ ಚಂದವೆಂದು ಬೀಗಿ ಬಣ್ಣ ಹೊಡೆದರು.

ಯುಗಾದಿಯ ದಿನ ಕೆನೆಬಣ್ಣದ ರೇಷ್ಮೆ ಸೀರೆಯುಟ್ಟ ನಿರುಪಮಾ ಹಿಂದೆ ಕೂತು, "ಎಷ್ಟು ಚೆನ್ನಾಗಿದೆ ಕಣ್ರೀ, ಹೊಸ ಕಾರಾ?" ಎಂದಳು. ಮುಂದೆ ಕೂತಿದ್ದ ಕೌಸಲ್ಯಾಗೆ ಜನ್ಮ ಸಾರ್ಥಕವಾಯಿತು.

ಕಾರ್ಯಕ್ರಮವಿದ್ದ ಶಾಲೆಯ ಹಾಲ್ ಮುಂದೆ ನಿರುಪಮಾ ಇಳಿದಳು. ಅವಳು ಕೂತ ಜಾಗ ಅವಳದೇ ಆಕಾರದಲ್ಲಿ ಕೆಂಪಾಗಿತ್ತು. ಅಲ್ಲಿದ್ದ ನೀಲಿಯೆಲ್ಲ ಅವಳ ಬೆನ್ನಿಗೆ ಬಂದಿತ್ತು.

ಕೌಸಲ್ಯಾ ಗಂಡನ ಮೇಲೆ ಹರಿಹಾಯ್ದಳು. "ಇಷ್ಟು ಓದಿ ಏನು ಪ್ರಯೋಜನ ಹೇಳಿ ನಿರುಪಮಾ? ನಾನೇ ಅಷ್ಟು ಚೆನ್ನಾಗಿ ಎಣ್ಣೆ ಹಚ್ಚಿಟ್ಟಿದ್ದೆ, ಅದನ್ನೂ ಕೆಡಿಸಿದಾರೆ."

"ಎಣ್ಣೆ ಹಚ್ಚಿದ್ಯಾ?" ಎಂದ ದ್ವಾರಕಾನಾಥ. ತಪ್ಪು ಯಾರದೆಂದು ತಿಳಿಯಲು ನಿರುಪಮಾಗೆ ಅಷ್ಟೇ ಸಾಕಾಯಿತು.

"ಮೊದಲನೇ ಹಾಡು ನಂದೇ ಕಣ್ರೀ. ನಿಮ್ಮ ಸೀರೆ ಕೊಡಿ."

ತವರಿನಿಂದ ಹಬ್ಬಕ್ಕೆಂದೇ ಬಂದ ಹಸಿರು ರೇಷ್ಮೆ ಅದು. ಕೊಡದೆ ಗತಿಯಿರಲಿಲ್ಲ. ನಿರುಪಮಾ ಅದನ್ನುಟ್ಟು ಹಾಡಿದಳು. ಹೆಂಗಸರೆಲ್ಲ ಸೀರೆಯನ್ನು ಹೊಗಳಿದರು. ಕೌಸಲ್ಯಾ ಅವಳ ಕೆನೆಬಣ್ಣದ ಸೀರೆಯುಟ್ಟು, ನೀಲಿ ಬೆನ್ನನ್ನು ಗೋಡೆಗೆ ಆನಿಸಿ, ಊಟಕ್ಕೂ ಕದಲದೆ ನಿಂತಿದ್ದಳು.

ಹೊರಡುವಾಗ ನಿರುಪಮಾ ನೇರವಾಗಿ ಹೋಗಿ ಮುಂದಿನ ಸೀಟಿನಲ್ಲಿ ಕೂತಳು.

"ತಪ್ಪು ತಿಳ್ಕೋಬೇಡಿ ಕಣ್ರೀ. ನಾನು ಹಿಂದೆ ಕೂತ್ರೆ ಹಾಳಾಗೋದು ನಿಮ್ಮ ಸೀರೇನೇ."

ಕೌಸಲ್ಯಾ ಹಿಂದಿನ ಬಾಗಿಲು ತೆರೆದು, ಬಣ್ಣ ಬಿಟ್ಟು ಕೆಂಪಾಗಿದ್ದ ಜಾಗ ಹುಡುಕಿ ಕೂತಳು.